ಆ ‘ರೆ’ಯನ್ನು ಉಳಿಸಿಕೊಡಿ: ಹಿಮನದಿಗಳ ಲೆಕ್ಕ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯಾದ ಐಪಿಸಿಸಿಯ ಏಳನೆಯ ಮೌಲ್ಯಮಾಪನ ವರದಿಯನ್ನು ಸಿದ್ಧಪಡಿಸುತ್ತಿರುವ ಲೇಖಕರಿಗೆ,

ಮಾನ್ಯರೇ,

ನಾನು ವಿಜ್ಞಾನಿಯಲ್ಲ. ನೀವು ಬರೆದದ್ದನ್ನು ಕನ್ನಡ ಓದುಗರಿಗೆ ದಾಟಿಸುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ನಿಮ್ಮ ವರದಿ ಸಾವಿರಾರು ಪುಟ. ನೀತಿ ರೂಪಿಸುವವರಿಗೆಂದು ನೀವೇ ಮಾಡಿಕೊಡುವ ಸಾರಾಂಶ ಕೆಲವು ಹತ್ತು ಪುಟ. ಸುದ್ದಿಸಂಸ್ಥೆಯಿಂದ ಬರುವ ವರದಿ ನಾನೂರು ಪದ. ಅದರ ತಲೆಬರಹ ಐದು ಪದ. ಈ ಇಳಿಜಾರಿನ ಬುಡದಲ್ಲಿ ಕೂತವನು ನಾನು. ಮೇಲಿನಿಂದ ಉರುಳಿ ಬರುವಾಗ ದಾರಿಯಲ್ಲಿ ಏನೇನು ಕಳಚಿಬಿತ್ತು ಎಂಬುದು ಶಿಖರದಲ್ಲಿ ನಿಂತವರಿಗಿಂತ ಇಲ್ಲಿ ಕೂತವನಿಗೆ ಚೆನ್ನಾಗಿ ಕಾಣುತ್ತದೆ. ಆ ಒಂದು ಧೈರ್ಯದ ಮೇಲೆ ಈ ಪತ್ರ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 2007ರಲ್ಲಿ ನಿಮ್ಮ ನಾಲ್ಕನೆಯ ವರದಿ ಬಂದಾಗ, ‘2035ರ ಹೊತ್ತಿಗೆ ಹಿಮಾಲಯದ ಹಿಮನದಿಗಳು ಕಣ್ಮರೆಯಾಗಲಿವೆ’ ಎಂದು ನಾನೂ ಬರೆದೆ. ಮೂಲದಲ್ಲಿ ‘ರೆ’ ಎಂಬ ಒಂದು ಷರತ್ತು ಇತ್ತು: ಈಗಿನ ವೇಗವೇ ಮುಂದುವರಿದರೆ. ವಾಕ್ಯ ಉದ್ದವಾಗುತ್ತದೆ ಎಂದು ಅದನ್ನು ತೆಗೆದೆ. ಯಾರೂ ಕೇಳಲಿಲ್ಲ. 2010ರ ಜನವರಿಯಲ್ಲಿ ನೀವು, ಸರಿಯಾದ ಆಧಾರವಿಲ್ಲದ ಆ ಭಾಗಕ್ಕೆ ವಿಷಾದ ವ್ಯಕ್ತಪಡಿಸಿದಿರಿ. ಅದನ್ನೂ ಬರೆದೆ. ಅದಾಗಿ ವಾರದೊಳಗೆ ಓದುಗರೊಬ್ಬರಿಂದ ಒಂದು ಅಂಚೆ ಕಾರ್ಡು ಬಂತು. ದುಂಡನೆಯ ಅಕ್ಷರ, ಒಂದೇ ಸಾಲು: ‘ಹಾಗಾದರೆ ಮಿಕ್ಕದ್ದೂ ಹೀಗೆಯೇ?’

ಆ ಕಾರ್ಡು ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಉತ್ತರ ಬರೆಯಲಿಲ್ಲ. ಬರೆಯಬೇಕೆಂದರೆ ಮೊದಲು ನನಗೆ ಉತ್ತರ ಗೊತ್ತಿರಬೇಕಲ್ಲ? ಹಾಗಾಗಿ ಹುಡುಕಲು ಶುರುಮಾಡಿದೆ. ಸಿಕ್ಕಿದ್ದರಲ್ಲಿ ಕೆಲವಷ್ಟು ನಿಮಗೆ ಕಸಿವಿಸಿಯಾಗುವಂಥದ್ದು, ಕೆಲವಷ್ಟು ನಿಮ್ಮನ್ನು ಹೀಗಳೆಯುವವರಿಗೆ ಕಸಿವಿಸಿಯಾಗುವಂಥದ್ದು.

ಆ ಪ್ಯಾರಾವನ್ನೇ ತೆಗೆದುಕೊಳ್ಳಿ. ಹವಾಮಾನ ಬದಲಾವಣೆಯ ಪರಿಣಾಮಗಳನ್ನು ನೋಡುವ ಎರಡನೆಯ ಕಾರ್ಯತಂಡದ ವರದಿ, ಏಷ್ಯಾದ ಮೇಲಿನ ಹತ್ತನೆಯ ಅಧ್ಯಾಯ. ಒಂಬೈನೂರಕ್ಕೂ ಹೆಚ್ಚು ಪುಟಗಳ ಸಂಪುಟದಲ್ಲಿ ಅಂಗೈಯಗಲದ ಜಾಗ. 2035ರ ಹೊತ್ತಿಗೆ ಅಥವಾ ಅದಕ್ಕೂ ಮೊದಲೇ ಹಿಮಾಲಯದ ಹಿಮನದಿಗಳು ಮಾಯವಾಗುವ ಸಂಭವ ‘ಬಹಳ ಹೆಚ್ಚು’ ಎಂದು ಅದು ಹೇಳುತ್ತದೆ. ನಿಮ್ಮ ಅಳತೆಗೋಲಿನಲ್ಲಿ ಈ ಮಾತಿಗೆ ಶೇ 90ಕ್ಕಿಂತ ಹೆಚ್ಚು ಎಂಬ ಅರ್ಥವಿದೆ. ಮರುವಾಕ್ಯದಲ್ಲೇ ಅವುಗಳ ವಿಸ್ತೀರ್ಣ 5 ಲಕ್ಷ ಚದರ ಕಿಲೋಮೀಟರಿನಿಂದ 1 ಲಕ್ಷಕ್ಕೆ ಇಳಿಯುತ್ತದೆ ಎಂದಿದೆ. ಮಾಯವಾದ ಮೇಲೆ ಒಂದು ಲಕ್ಷ ಉಳಿಯುವುದು ಹೇಗೆ? ಅದೂ ಅಲ್ಲದೆ ಹಿಮಾಲಯದ ಹಿಮನದಿಗಳ ಒಟ್ಟು ವಿಸ್ತೀರ್ಣ ಸುಮಾರು 33,000 ಚದರ ಕಿಲೋಮೀಟರ್ ಮಾತ್ರ. ಐದು ಲಕ್ಷ ಎಲ್ಲಿಂದ ಬಂತು? 1996ರಲ್ಲಿ ಯುನೆಸ್ಕೋ ಪ್ರಕಟಿಸಿದ ಒಂದು ವರದಿಯಲ್ಲಿ ರಷ್ಯಾದ ವಿಜ್ಞಾನಿ ಕೋಟ್ಲ್ಯಾಕೋವ್ ಧ್ರುವ ಪ್ರದೇಶಗಳನ್ನು ಬಿಟ್ಟು ಇಡೀ ಲೋಕದ ಹಿಮನದಿಗಳ ಬಗ್ಗೆ ಬರೆಯುತ್ತ ಕೊಟ್ಟ ಅಂಕಿ ಅದು. ಅವರು ಹೇಳಿದ ಇಸವಿ 2350. ಅಂಕಿಗಳು ಅದಲುಬದಲಾಗಿ 2035 ಆಗಿರಬೇಕೆಂಬುದು ಹಲವರ ಅನುಮಾನ. ಇನ್ನೊಂದು ದಾರಿಯೂ ಇದೆ. 1999ರಲ್ಲಿ ಒಬ್ಬ ವಿಜ್ಞಾನಿಯೊಡನೆ ಮಾತನಾಡಿ ಬರೆದ ಪತ್ರಿಕಾ ಲೇಖನದಿಂದ ಪರಿಸರ ಸಂಘಟನೆ ಡಬ್ಲ್ಯುಡಬ್ಲ್ಯುಎಫ್ 2005ರಲ್ಲಿ ತಂದ ವರದಿಗೆ, ಅಲ್ಲಿಂದ ನಿಮ್ಮ ಪುಟಕ್ಕೆ ಬಂದ ದಾರಿ. ಯಾವ ದಾರಿಯಿಂದ ಬಂದಿದ್ದರೂ ಅದು ಅಳೆದು ಬಂದ ಅಂಕಿಯಲ್ಲ, ಕೇಳಿ ಬಂದ ಅಂಕಿ.

ನನ್ನನ್ನು ಹೆಚ್ಚು ಕಾಡಿದ್ದು ಆ ಇಸವಿಯಲ್ಲ, ಅದರ ಕೆಳಗಿರುವ ಪುಟ್ಟ ಕೋಷ್ಟಕ. ಅದರಲ್ಲಿ ಉತ್ತರಾಖಂಡದ ಪಿಂಡಾರಿ ಹಿಮನದಿಯ ಒಂದು ಸಾಲಿದೆ. 1845ರಿಂದ 1966ರವರೆಗೆ ಅದರ ಮೂತಿ, ಅಂದರೆ ಕೆಳತುದಿ, ಹಿಂದೆ ಸರಿದದ್ದು 2,840 ಮೀಟರ್. ವರ್ಷಕ್ಕೆ ಸರಾಸರಿ 135.2 ಮೀಟರ್. ಒಂದು ಕಾಗದ ತೆಗೆದುಕೊಂಡು ನೀವೇ ಭಾಗಿಸಿ. 1966ರಲ್ಲಿ 1845 ಕಳೆದರೆ 121 ವರ್ಷ. 2,840ನ್ನು 121ರಿಂದ ಭಾಗಿಸಿದರೆ 23.5 ಬರುತ್ತದೆ. 135.2 ಬರಬೇಕಾದರೆ 21ರಿಂದ ಭಾಗಿಸಬೇಕು. ಯಾರೋ ಎಲ್ಲೋ ಒಂದು ನೂರನ್ನು ಬರೆಯಲು ಮರೆತಿದ್ದಾರೆ. ಆ ಸಾಲು ಲೇಖಕರ ಕಣ್ಣೆದುರು ಹಾದುಹೋಗಿದೆ, ಪರಿಶೀಲಕರ ಕಣ್ಣೆದುರು ಹಾದುಹೋಗಿದೆ, ಸರ್ಕಾರಗಳ ಪ್ರತಿನಿಧಿಗಳ ಕಣ್ಣೆದುರು ಹಾದುಹೋಗಿದೆ, ಮುದ್ರಣವಾಗಿ ಹೊರಬಂದಿದೆ. ಇದನ್ನು ಹಿಡಿಯಲು ಹಿಮವಿಜ್ಞಾನ ಬೇಕಾಗಿರಲಿಲ್ಲ, ಪ್ರಾಥಮಿಕ ಶಾಲೆಯ ಭಾಗಾಕಾರ ಸಾಕಾಗಿತ್ತು. ನಾನೂ ಹಿಡಿಯಲಿಲ್ಲ ಎಂಬುದನ್ನು ಮರೆಯದೆ ಹೇಳುತ್ತಿದ್ದೇನೆ.

ಕೇಳಿದವರು ಇರಲಿಲ್ಲವೇ? ಇದ್ದರು. ಕರಡಿನ ಮೇಲೆ ಬಂದ ಟಿಪ್ಪಣಿಗಳಲ್ಲಿ ಜಪಾನ್ ಸರ್ಕಾರ ಈ ಹೇಳಿಕೆಗೆ ಎಷ್ಟು ಖಚಿತತೆ ಇದೆ ಎಂದು ಕೇಳಿತ್ತು. ಮಾಯವಾಗುವುದಕ್ಕೂ ಒಂದು ಲಕ್ಷ ಉಳಿಯುವುದಕ್ಕೂ ತಾಳೆಯಾಗುವುದಿಲ್ಲ ಎಂದು ಪರಿಶೀಲಕರೊಬ್ಬರು ಬರೆದಿದ್ದರು. ಆಸ್ಟ್ರಿಯಾದ ಹಿಮವಿಜ್ಞಾನಿ ಗೇಯೋರ್ಗ್ ಕಾಸರ್ ಮುದ್ರಣಕ್ಕೆ ಮುಂಚೆಯೇ, 2006ರಲ್ಲಿ, ಎಚ್ಚರಿಸಿದ್ದಾಗಿ ಆಮೇಲೆ ಹೇಳಿದರು. 2009ರ ನವೆಂಬರಿನಲ್ಲಿ ಭಾರತದ ಪರಿಸರ ಸಚಿವಾಲಯ ಭೂವಿಜ್ಞಾನಿ ವಿ. ಕೆ. ರೈನಾ ಬರೆದ ಚರ್ಚಾಪತ್ರವೊಂದನ್ನು ಹೊರತಂದಿತು. ಅದರಲ್ಲಿ ನಿಮ್ಮ ಮಾತಿಗೆ ಹೊಂದದ ಸಂಗತಿಗಳಿದ್ದವು. ನಿಮ್ಮ ಅಂದಿನ ಅಧ್ಯಕ್ಷರು ಅದನ್ನು ಮಾಟಮಂತ್ರದ ವಿಜ್ಞಾನವೆಂದು ತಳ್ಳಿಹಾಕಿದರು. ಎರಡು ತಿಂಗಳಲ್ಲಿ ನೀವೇ ವಿಷಾದ ಸೂಚಿಸಬೇಕಾಯಿತು. ನಿಜ ಹೇಳಬೇಕೆಂದರೆ ತಪ್ಪು ಅಂಕಿಗಿಂತ ಆ ಎರಡು ತಿಂಗಳ ಧಾಟಿಯೇ ನಿಮಗೆ ಹೆಚ್ಚು ನಷ್ಟ ತಂದಿತು. ಲೆಕ್ಕ ತಪ್ಪಿದವರನ್ನು ಜನ ಕ್ಷಮಿಸುತ್ತಾರೆ. ತಪ್ಪು ತೋರಿಸಿದವರನ್ನು ಗದರಿದವರನ್ನು ಅಷ್ಟು ಬೇಗ ಕ್ಷಮಿಸುವುದಿಲ್ಲ.

ಆ ತಪ್ಪನ್ನು ಬಯಲಿಗೆಳೆದವರು ಯಾರು ಎಂಬುದನ್ನು ಹವಾಮಾನ ಬದಲಾವಣೆಯೇ ಸುಳ್ಳೆನ್ನುವವರು ಹೇಳುವುದಿಲ್ಲ. ಬಯಲಿಗೆಳೆದವರು ಹಿಮನದಿಗಳನ್ನು ಅಳೆಯುವ ವಿಜ್ಞಾನಿಗಳೇ. ಗ್ರಹಾಂ ಕಾಗ್ಲೆ, ಜೆಫ್ರಿ ಕಾರ್ಗೆಲ್, ಕಾಸರ್ ಮತ್ತು ಫಾನ್ ಡೆರ್ ವೀನ್ ಸೇರಿ ‘ಸೈನ್ಸ್’ ಪತ್ರಿಕೆಗೆ ಬರೆದ ಪತ್ರದಲ್ಲಿ ಇಡೀ ಎಳೆಯನ್ನು ಬಿಡಿಸಿಟ್ಟರು. ಅದೇ 2007ರ ವರದಿಯ ಭೌತವಿಜ್ಞಾನವನ್ನು ನೋಡುವ ಮೊದಲನೆಯ ಕಾರ್ಯತಂಡದ ಸಂಪುಟದಲ್ಲಿ ಮಂಜು ಮತ್ತು ಹಿಮದ ಮೇಲೆ ಒಂದು ಇಡೀ ಅಧ್ಯಾಯವಿದೆ. ಅಲ್ಲಿ 2035ರ ಸುಳಿವೂ ಇಲ್ಲ. ಒಂದೇ ಮನೆಯ ಎರಡು ಕೋಣೆಗಳವರು ಮಾತಾಡಿಕೊಂಡಿರಲಿಲ್ಲ, ಅಷ್ಟೆ. ನೂರಾರು ಮೀಟರ್ ದಪ್ಪವಿರುವ ಮಂಜುಗಡ್ಡೆ ವರ್ಷಕ್ಕೆ ಸರಾಸರಿ ಅರ್ಧ ಮೀಟರಿನಂತೆ ತೆಳುವಾಗುತ್ತಿದ್ದರೆ ಮೂವತ್ತು ವರ್ಷಗಳಲ್ಲಿ ಖಾಲಿಯಾಗಲು ಹೇಗೆ ಸಾಧ್ಯ ಎಂದು ಪಕ್ಕದ ಕೋಣೆಯವರನ್ನು ಒಮ್ಮೆ ಕೇಳಿದ್ದರೆ ಸಾಕಿತ್ತು.

ಅಂದರೆ ಕಾರ್ಡಿನ ಪ್ರಶ್ನೆಗೆ ಮೊದಲ ಅರ್ಧ ಉತ್ತರ ಸಿಕ್ಕಿತು: ಅದು ಮುನ್ನಂದಾಜು ತಪ್ಪಿದ ಪ್ರಸಂಗವೇ ಅಲ್ಲ. ಅಲ್ಲಿ ಮುನ್ನಂದಾಜೇ ಇರಲಿಲ್ಲ. ಯಾವ ಕಂಪ್ಯೂಟರ್ ಮಾದರಿಯೂ ಆ ಇಸವಿಯನ್ನು ಹೇಳಿರಲಿಲ್ಲ.

ಆದರೆ ಇನ್ನರ್ಧ ಅಷ್ಟು ಸಲೀಸಲ್ಲ. ಅಳೆದು, ಲೆಕ್ಕ ಹಾಕಿ, ನಾಲ್ಕು ಜನ ಪರಿಶೀಲಿಸಿ ಹೇಳಿದ ಇಸವಿಗಳೂ ತಪ್ಪಿವೆ. ಆಫ್ರಿಕಾದ ಕಿಲಿಮಂಜಾರೋ ಬೆಟ್ಟದ ಮಂಜು 2015ರಿಂದ 2020ರ ನಡುವೆ ಇಲ್ಲವಾಗುತ್ತದೆ ಎಂದು 2002ರಲ್ಲಿ ಹಿಮವಿಜ್ಞಾನಿ ಲಾನಿ ಥಾಮ್ಸನ್ ಮತ್ತು ಸಂಗಡಿಗರು ಬರೆದರು. 1912ರಿಂದ ಅಲ್ಲಿಯವರೆಗೆ ಶೇ 80ರಷ್ಟು ಹೋಗಿತ್ತು. ಗೆರೆಯನ್ನು ಮುಂದಕ್ಕೆ ಎಳೆದರು. ಚೂರುಪಾರಾಗಿಯಾದರೂ ಆ ಮಂಜು 2020ನ್ನು ದಾಟಿತು. ಅಮೆರಿಕದ ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ‘2020ರ ಹೊತ್ತಿಗೆ ಹಿಮನದಿಗಳೆಲ್ಲ ಹೋಗಿರುತ್ತವೆ’ ಎಂಬ ಫಲಕಗಳಿದ್ದವು. 2020 ಬಂತು, ಹಿಮನದಿಗಳು ಅಲ್ಲೇ ಇದ್ದವು, ಫಲಕಗಳನ್ನು ಬದಲಿಸಬೇಕಾಯಿತು. ಆ ಫಲಕಗಳ ಚಿತ್ರ ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. 1966ರಿಂದ 2015ರೊಳಗೆ ಅದೇ ಉದ್ಯಾನದ ಹಿಮನದಿಗಳು ಸರಾಸರಿ ಶೇ 39ರಷ್ಟು ಕುಗ್ಗಿದವು ಎಂಬ ಮಾಹಿತಿಗೆ ಅಂಥ ಓಟ ಸಿಕ್ಕಿಲ್ಲ. ಅದಕ್ಕೆ ಚಿತ್ರವಿಲ್ಲ, ನಗುವುದಕ್ಕೆ ಏನೂ ಇಲ್ಲ.

ಇನ್ನೊಂದು ದಿಕ್ಕಿಗೆ ತಪ್ಪಿದ ಲೆಕ್ಕಗಳನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಬೊಲಿವಿಯಾದ ಚಕಲ್ತಾಯ ಒಂದು ಪುಟ್ಟ ಹಿಮನದಿ. 5,300 ಮೀಟರಿಗೂ ಎತ್ತರದಲ್ಲಿ ಜನ ಸ್ಕೀಯಿಂಗ್ ಮಾಡುತ್ತಿದ್ದ ಜಾಗ. 2015ರವರೆಗೆ ಬದುಕೀತು ಎಂದು ವಿಜ್ಞಾನಿಗಳು ಅಂದಾಜಿಸಿದ್ದರು. 2009ರಲ್ಲೇ ಹೋಯಿತು. ವೆನೆಜುವೆಲಾದ ಕೊನೆಯ ಹಿಮನದಿ ಹಂಬೋಲ್ಟ್ ಇನ್ನೂ ಹತ್ತು ವರ್ಷ ಇದ್ದೀತು ಎಂದುಕೊಂಡಿದ್ದರು. 2024ರಲ್ಲಿ ಅದು ಎರಡು ಹೆಕ್ಟೇರಿಗಿಂತ ಸಣ್ಣದಾಗಿ, ಹಿಮನದಿ ಎಂಬ ಹೆಸರನ್ನೇ ಕಳೆದುಕೊಂಡಿತು. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022ರಲ್ಲಿ ಶೇ 6, 2023ರಲ್ಲಿ ಶೇ 4, ಎರಡೇ ಬೇಸಿಗೆಗಳಲ್ಲಿ ಹತ್ತರಲ್ಲೊಂದು ಪಾಲು ಕಳೆದುಕೊಂಡವು. ‘ವಿಜ್ಞಾನಿಗಳು ಹೆದರಿಸುತ್ತಾರೆ’ ಎಂದು ಹೇಳುವವರು ಈ ಸಾಲನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಲ್ಲವೇ?

ಇವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು. ತಪ್ಪಿದ್ದೆಲ್ಲ ಒಂದು ಬೆಟ್ಟ, ಒಂದು ಉದ್ಯಾನ, ಒಂದು ಇಸವಿ ಹಿಡಿದು ಹೇಳಿದ ಮಾತುಗಳು. ಎಲೆ ಉದುರುವ ಕಾಲದಲ್ಲಿ ಮರ ಬೋಳಾಗುತ್ತದೆ ಎನ್ನಬಹುದು. ಈ ಕೊಂಬೆಯ ಈ ಎಲೆ ಯಾವ ದಿನ ಬೀಳುತ್ತದೆ ಎನ್ನಲಾಗದು. ಮರದ ಮಾತಿನಲ್ಲಿ ನಿಮ್ಮ ದಾಖಲೆ ಚೆನ್ನಾಗಿಯೇ ಇದೆ. 1970ರಿಂದ 2007ರವರೆಗೆ ಪ್ರಕಟವಾದ, ಭೂಮಿಯ ಸರಾಸರಿ ತಾಪಮಾನದ 17 ಮುನ್ನಂದಾಜುಗಳನ್ನು ಆಮೇಲೆ ನಿಜವಾಗಿ ಆದದ್ದರೊಂದಿಗೆ ಹೋಲಿಸಿ 2020ರಲ್ಲಿ ಒಂದು ಅಧ್ಯಯನ ಬಂತು. ಹೊಗೆ ಎಷ್ಟು ಹೊರಬಂತು ಎಂಬ ವ್ಯತ್ಯಾಸವನ್ನು ಸರಿಪಡಿಸಿಕೊಂಡು ನೋಡಿದರೆ 17ರಲ್ಲಿ 14 ಸರಿಯಾಗಿದ್ದವು. ಎಲೆಯ ಮಾತಿಗೆ ಬಂದಾಗ ಮಾತ್ರ ನಾಲಿಗೆ ಜಾರುತ್ತದೆ. ದುರದೃಷ್ಟವೆಂದರೆ ಸುದ್ದಿಗೆ ಬೇಕಾಗುವುದು ಎಲೆಯೇ.

ಎಲೆಯ ಲೆಕ್ಕ ಯಾಕೆ ಕಷ್ಟ ಎಂಬುದನ್ನು ನನ್ನ ಓದುಗರಿಗೆ ಸ್ವಲ್ಪ ಹತ್ತಿರದಿಂದ ತೋರಿಸಬೇಕು, ನೀವು ತಾಳ್ಮೆಯಿಂದಿರಿ. ಹಿಮನದಿಯ ಜಮಾಖರ್ಚನ್ನು ಅಳೆಯುವ ಹಳೆಯ ವಿಧಾನ ನೋಡಲು ಬಹಳ ಸರಳ. ಬಿಸಿ ಹಬೆಯಿಂದ ಮಂಜುಗಡ್ಡೆಯಲ್ಲಿ ಹಲವು ಮೀಟರ್ ಆಳದ ತೂತು ಕೊರೆದು ಅದರೊಳಗೆ ಒಂದು ಗಳುವನ್ನು ಇಳಿಸುತ್ತಾರೆ. ಹಿಮಾಲಯದಲ್ಲಿ ಬಿದಿರಿನ ಗಳು ಸಾಕು. ಮುಂದಿನ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅಷ್ಟು ದೂರ ನಡೆದುಹೋಗಿ ನೋಡಿದಾಗ ಗಳು ಎಷ್ಟು ಹೊರಚಾಚಿದೆಯೋ ಅಷ್ಟು ಮಂಜುಗಡ್ಡೆ ಕರಗಿದೆ ಎಂದರ್ಥ. ಅದು ಖರ್ಚು. ಮೇಲಿನ ಬಯಲಿನಲ್ಲಿ ಗುಂಡಿ ತೋಡಿ, ಹೊಸದಾಗಿ ಬಿದ್ದ ಹಿಮದ ಪದರವನ್ನು ಅಳೆದು ತೂಗುವುದು ಜಮಾ. ಹಿಮಾಚಲದ ಛೋಟಾ ಶಿಗ್ರಿಯಲ್ಲಿ ಈ ಕೆಲಸ 2002ರಿಂದ ನಡೆದುಕೊಂಡು ಬಂದಿದೆ. ಹೀಗೆ ಕಾಲಿಟ್ಟು ಅಳೆದ ಹಿಮನದಿಗಳು ಹಿಮಾಲಯದಲ್ಲಿ ಬಹಳ ಕಡಿಮೆ. ಲೋಕದಲ್ಲಿ ಇರುವುದು 2,75,000ದಷ್ಟು. ಮಿಕ್ಕವನ್ನು ಉಪಗ್ರಹಗಳಿಂದಲೇ ನೋಡಬೇಕು. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು ಕ್ಷಿಪಣಿ ಹುಡುಕುತ್ತ ತೆಗೆದ ಚಿತ್ರಗಳೇ ಈಗ ಹಿಮಾಲಯದ ಹಳೆಯ ಲೆಕ್ಕಪುಸ್ತಕವಾಗಿವೆ. 1975ರಿಂದ 2000ದವರೆಗಿನ ಕರಗುವಿಕೆಗೆ ಹೋಲಿಸಿದರೆ 2000ದಿಂದ 2016ರವರೆಗಿನದು ದುಪ್ಪಟ್ಟು ಎಂದು 2019ರಲ್ಲಿ ಗೊತ್ತಾದದ್ದು ಆ ಚಿತ್ರಗಳಿಂದ. ಯಾರದೋ ಜಗಳಕ್ಕೆಂದು ತೆಗೆದ ಫೋಟೊ ಇನ್ಯಾರದೋ ಸಾಕ್ಷಿಯಾಯಿತು.

ಇನ್ನು ಆ ಮಂಜುಗಡ್ಡೆಯ ಮೈಮೇಲಿನ ದೂಳನ್ನು ನೋಡಿ. ಒಂದು ಬೆರಳಿನಗಲದಷ್ಟು ಕಲ್ಲುಪುಡಿ ಹರಡಿದ್ದರೆ ಅದು ಬಿಸಿಲನ್ನು ಹೀರಿ ಮಂಜುಗಡ್ಡೆಯನ್ನು ಬೇಗ ಕರಗಿಸುತ್ತದೆ. ಅದೇ ಕಲ್ಲಿನ ಹೊದಿಕೆ ಮೊಣಕಾಲುದ್ದ ಇದ್ದರೆ ಕಂಬಳಿಯಂತೆ ಕೆಲಸ ಮಾಡಿ ಕರಗುವುದನ್ನು ತಡೆಯುತ್ತದೆ. ಒಂದೇ ಕಣಿವೆಯಲ್ಲಿ ಅಕ್ಕಪಕ್ಕದ ಎರಡು ಹಿಮನದಿಗಳ ಹಣೆಬರಹ ಬೇರೆಯಾಗಲು ಇಷ್ಟು ಸಾಕು. ಹೊದಿಕೆ ದಪ್ಪವಿರುವ ಹಿಮನದಿಯ ಮೂತಿ ಹಿಂದೆ ಸರಿಯದೆ ಇದ್ದಲ್ಲೇ ಇರಬಹುದು. ಹೊಟ್ಟೆ ಮಾತ್ರ ಒಳಗೊಳಗೇ ತೆಳುವಾಗುತ್ತಿರುತ್ತದೆ. ಮೂತಿ ನೋಡಿ ‘ಏನೂ ಆಗಿಲ್ಲ’ ಎನ್ನುವವರು ಎಡವುವುದು ಇಲ್ಲಿ. ಕಿಲಿಮಂಜಾರೋದಲ್ಲಿ ಕತೆ ಇನ್ನೂ ಬೇರೆ: ಅಲ್ಲಿ ಬಿಸಿಯಷ್ಟೇ ಅಲ್ಲ, ಹಿಮ ಬೀಳುವುದು ಕಡಿಮೆಯಾದದ್ದೂ ಗಾಳಿಯ ಒಣಗುವಿಕೆಯೂ ದೊಡ್ಡ ಕಾರಣ. ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಹಿಮಾಲಯದ ವಾಯವ್ಯಕ್ಕಿರುವ ಕಾರಾಕೋರಂ ಪರ್ವತಸಾಲಿನಲ್ಲಂತೂ ಲೋಕವೆಲ್ಲ ಕರಗುತ್ತಿದ್ದಾಗ ಎಷ್ಟೋ ಹಿಮನದಿಗಳು ಇದ್ದಷ್ಟೇ ಇದ್ದವು, ಕೆಲವು ಬೆಳೆದವು ಕೂಡ. ಕೆನಡಾದ ಕೆನೆತ್ ಹೆವಿಟ್ 2005ರಲ್ಲಿ ಅದನ್ನು ‘ಕಾರಾಕೋರಂ ಅಪವಾದ’ ಎಂದು ಕರೆದರು. ಈಚಿನ ಅಳತೆಗಳಲ್ಲಿ ಆ ಅಪವಾದವೂ ಸಡಿಲವಾಗುತ್ತಿದೆ. ನನ್ನ ದೂರು ಇದು: ಇಂಥ ಅಪವಾದಗಳನ್ನು ನೀವು ಅಧ್ಯಾಯದ ಒಳಪುಟಗಳಲ್ಲಿ ಪ್ರಾಮಾಣಿಕವಾಗಿ ಬರೆಯುತ್ತೀರಿ, ಸಾರಾಂಶಕ್ಕೆ ಬರುವಾಗ ನುಣುಪು ಮಾಡಿಬಿಡುತ್ತೀರಿ. ಒಳಪುಟದ ಒರಟೇ ನಂಬಿಕೆ ಹುಟ್ಟಿಸುವಂಥದ್ದು.

ಈಗ ‘ರೆ’ಯ ವಿಚಾರಕ್ಕೆ ಬರುತ್ತೇನೆ. ನಮ್ಮ ಭಾಷೆಯಲ್ಲಿ ಷರತ್ತಿಗೆ ಪ್ರತ್ಯೇಕ ಪದ ಬೇಕಿಲ್ಲ. ಅದು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡ ಒಂದಕ್ಷರ. ಏರಿದರೆ, ಮುಂದುವರಿದರೆ, ತಡೆದರೆ. ನಮ್ಮಲ್ಲಿ ಸಂದೇಹಕ್ಕೂ ಬೇರೆ ರೂಪವಿದೆ: ‘ಕರಗೀತು’, ‘ಮಾಯವಾದಾವು’. ‘ಕರಗುತ್ತದೆ’ ಎಂದವನಿಗೂ ‘ಕರಗೀತು’ ಎಂದವನಿಗೂ ಇರುವ ಅಂತರ ಯಾವ ಓದುಗನಿಗೂ ಗೊತ್ತು. ಆದರೆ ಪತ್ರಿಕೆಗಳಿಗೆ ಪ್ರಿಯವಾದದ್ದು ‘ಲಿದೆ’, ‘ಲಿವೆ’: ಕರಗಲಿದೆ, ಕಣ್ಮರೆಯಾಗಲಿವೆ. ಜಾತಕ ಬರೆದ ಹಾಗೆ. ನೀವು ಕಷ್ಟಪಟ್ಟು ಬೇರೆ ಬೇರೆ ಪದಗಳಲ್ಲಿ ಇಟ್ಟ ಮುನ್ಸೂಚನೆ, ಮುನ್ನಂದಾಜು, ಸಾಧ್ಯತೆ ಎಲ್ಲವೂ ಇಲ್ಲಿಗೆ ಬರುವ ಹೊತ್ತಿಗೆ ‘ಭವಿಷ್ಯ ನುಡಿದಿದ್ದಾರೆ’ ಆಗಿಬಿಡುತ್ತವೆ. ಭವಿಷ್ಯ ನುಡಿದವರನ್ನು ಜನ ಅಳೆಯುವುದು ಒಂದೇ ಕೋಲಿನಿಂದ: ಆಯಿತೇ, ಆಗಲಿಲ್ಲವೇ?

ಹಿಮನದಿಯ ಮಟ್ಟಿಗೆ ಆ ‘ರೆ’ ವ್ಯಾಕರಣದ ಅಲಂಕಾರವಲ್ಲ, ಇಡೀ ಲೆಕ್ಕ ನಿಂತಿರುವುದೇ ಅದರ ಮೇಲೆ. 2023ರಲ್ಲಿ ಡೇವಿಡ್ ರೌನ್ಸ್ ಮತ್ತು ಸಂಗಡಿಗರು ಲೋಕದ ಅಷ್ಟೂ ಹಿಮನದಿಗಳಿಗೆ ಒಂದೊಂದಾಗಿ ಲೆಕ್ಕ ಹಾಕಿದರು. ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ ಭೂಮಿಯ ಬಿಸಿಯ ಏರಿಕೆ 1.5 ಡಿಗ್ರಿಗೆ ನಿಂತರೆ 2100ರ ಹೊತ್ತಿಗೆ ಹಿಮನದಿಗಳ ಸಂಖ್ಯೆಯಲ್ಲಿ ಸುಮಾರು ಅರ್ಧ ಇಲ್ಲವಾಗುತ್ತವೆ; ಆದರೆ ಒಟ್ಟು ಮಂಜುಗಡ್ಡೆಯಲ್ಲಿ ಕಾಲುಭಾಗದಷ್ಟು ಮಾತ್ರ ಹೋಗುತ್ತದೆ, ಏಕೆಂದರೆ ಮೊದಲು ಸಾಯುವವು ಚಿಕ್ಕವು. 4 ಡಿಗ್ರಿಗೆ ಏರಿದರೆ ಸಂಖ್ಯೆಯಲ್ಲಿ ಶೇ 83, ಮಂಜುಗಡ್ಡೆಯಲ್ಲಿ ಶೇ 41. ಅಂಕಿಗಳ ಅಕ್ಕಪಕ್ಕ ‘ಇಷ್ಟು ಹೆಚ್ಚು ಇಲ್ಲವೇ ಇಷ್ಟು ಕಡಿಮೆ’ ಎಂಬುದನ್ನೂ ಅವರು ಕೊಟ್ಟಿದ್ದಾರೆ. ಈ ಎರಡು ಲೆಕ್ಕಗಳ ನಡುವಿನ ಅಂತರ ಕಂಪ್ಯೂಟರ್ ಮಾದರಿಯ ದೌರ್ಬಲ್ಯವಲ್ಲ. ಅದು ಮನುಷ್ಯರು ಇನ್ನೂ ಮಾಡದ ತೀರ್ಮಾನ. ಕಲ್ಲಿದ್ದಲು ಎಷ್ಟು ಸುಡುತ್ತೀರಿ ಎಂಬ ಪ್ರಶ್ನೆಗೆ ಯಾವ ಭೌತಶಾಸ್ತ್ರದಲ್ಲೂ ಉತ್ತರವಿಲ್ಲ. ‘ವಿಜ್ಞಾನಿಗಳಿಗೇ ಖಚಿತವಿಲ್ಲ’ ಎಂದು ಟೀಕಿಸುವ ಸರ್ಕಾರಗಳು ಆ ಅನಿಶ್ಚಿತತೆಯ ದೊಡ್ಡ ಪಾಲುದಾರರು ತಾವೇ ಎಂಬುದನ್ನು ಹೇಳುವುದಿಲ್ಲ. ಇದನ್ನು ನೀವು ಸ್ವಲ್ಪ ಗಟ್ಟಿಯಾಗಿ ಹೇಳಬಹುದಿತ್ತು.

‘ರೆ’ ಬೇಕಾಗದ ಸಂಗತಿಗಳೂ ಇವೆ. ಅವುಗಳಿಗೆ ಸುಮ್ಮನೆ ‘ರೆ’ ಹಚ್ಚಿ ಮೆತ್ತಗೆ ಮಾಡುವುದೂ ತಪ್ಪೇ. 2000ದಿಂದ 2023ರವರೆಗೆ ಲೋಕದ ಹಿಮನದಿಗಳು ವರ್ಷಕ್ಕೆ ಸರಾಸರಿ 273 ಗಿಗಾಟನ್‌ನಷ್ಟು ಮಂಜುಗಡ್ಡೆ ಕಳೆದುಕೊಂಡಿವೆ. ಒಂದು ಗಿಗಾಟನ್ ಎಂದರೆ ನೂರು ಕೋಟಿ ಟನ್. ಅಷ್ಟು ನೀರನ್ನು ಘನಗಳಾಗಿ ಕತ್ತರಿಸಿದರೆ, ಪ್ರತಿ ಬದಿಯೂ ಒಂದು ಕಿಲೋಮೀಟರ್ ಇರುವ 273 ಘನಗಳು, ಪ್ರತಿ ವರ್ಷ. ಆ ಅವಧಿಯ ಮೊದಲರ್ಧಕ್ಕಿಂತ ಎರಡನೆಯ ಅರ್ಧದಲ್ಲಿ ನಷ್ಟ ಶೇ 36 ಹೆಚ್ಚು. ಇದು ಅಳೆದದ್ದು, ಊಹಿಸಿದ್ದಲ್ಲ. ಇನ್ನೂ ಒಂದಿದೆ. ಹಿಮನದಿ ಬಿಸಿಗೆ ತಡವಾಗಿ ಮಣಿಯುತ್ತದೆ. ದೊಡ್ಡದಾದಷ್ಟೂ ಹೆಚ್ಚು ತಡ. ಹಾಗಾಗಿ ಇಂದಿನ ಬಿಸಿ ಇಂದಿಗೇ ನಿಂತುಹೋದರೂ ಈಗಿರುವ ಮಂಜುಗಡ್ಡೆಯಲ್ಲಿ ಶೇ 39ರಷ್ಟು ಶತಮಾನಗಳ ಅವಧಿಯಲ್ಲಿ ಕರಗಿಯೇ ತೀರುತ್ತದೆ ಎಂದು 2025ರ ಒಂದು ಅಧ್ಯಯನ ಹೇಳಿತು. ಗಮನಿಸಿ, ಇಲ್ಲಿರುವುದು ‘ರೂ’. ನಿಂತರೂ ಕರಗುತ್ತದೆ. ಅದೇ ಅಧ್ಯಯನದ ಪ್ರಕಾರ ಈಗಿನ ನೀತಿಗಳು ಕರೆದೊಯ್ಯುತ್ತಿರುವ 2.7 ಡಿಗ್ರಿಗೆ ತಲುಪಿದರೆ ಉಳಿಯುವುದು ಶೇ 24, 1.5ರಲ್ಲಿ ಹಿಡಿದರೆ ಶೇ 53. ಒಂದು ‘ರೂ’, ಎರಡು ‘ರೆ’. ಯಾವ ತಲೆಬರಹಕ್ಕೂ ಇದು ಹಿಡಿಸದಷ್ಟು ದೊಡ್ಡದಲ್ಲ.

ಮುನ್ಸೂಚನೆ ನಂಬಿಕೆಗೆ ಅರ್ಹವೇ ಎಂದು ಕೇಳುವವರು ಕೇಳಿಸಿಕೊಂಡವರು ಏನು ಮಾಡಿದರು ಎಂದೂ ಕೇಳಬೇಕು. ಸ್ವಿಟ್ಜರ್ಲೆಂಡಿನ ಬ್ಲಾಟೆನ್ ಹಳ್ಳಿಯ ಮೇಲಿನ ಬಿರ್ಚ್ ಹಿಮನದಿಗೆ ಬೆಟ್ಟದಿಂದ ಬಂಡೆಗಳು ಉರುಳತೊಡಗಿದಾಗ, 2025ರ ಮೇ 19ರಂದು ಸುಮಾರು 300 ಜನರನ್ನು ಅಲ್ಲಿಂದ ಹೊರಗೆ ಕಳುಹಿಸಿದರು. ಮೇ 28ರಂದು ಹಿಮನದಿಯೇ ಕುಸಿದು ಹಳ್ಳಿಯ ಬಹುಭಾಗ ಮುಚ್ಚಿಹೋಯಿತು. ಒಬ್ಬರು ಸತ್ತರು. ಒಂಬತ್ತು ದಿನ ಹಳ್ಳಿಗೆ ಏನೂ ಆಗದಿದ್ದಾಗ ಆ ಊರಿನವರಲ್ಲಿ ಎಷ್ಟು ಜನ ಗೊಣಗಿರಬಹುದು ಎಂದು ನಾನು ಯೋಚಿಸುತ್ತಿರುತ್ತೇನೆ. ಸಿಕ್ಕಿಂನ ದಕ್ಷಿಣ ಲೊನಾಕ್ ಸರೋವರ ಇನ್ನೊಂದು. ಹಿಮನದಿ ಕರಗಿ ಬೆಳೆಯುತ್ತಿದ್ದ ಆ ಸರೋವರ ಒಡೆಯಬಹುದು ಎಂದು ಹತ್ತು ವರ್ಷಗಳಿಂದ ಅಧ್ಯಯನಗಳು ಬಂದಿದ್ದವು. 2023ರ ಅಕ್ಟೋಬರ್ 3ರ ರಾತ್ರಿ ದಡದ ಒಂದು ಭಾಗ ನೀರಿಗೆ ಕುಸಿದು, ನೀರು ಉಕ್ಕಿ, ಚುಂಗ್‌ಥಾಂಗ್‌ನ 1,200 ಮೆಗಾವಾಟಿನ ತೀಸ್ತಾ ಯೋಜನೆಯ ಅಣೆಕಟ್ಟನ್ನು ಕೊಚ್ಚಿಕೊಂಡು ಹೋಯಿತು. ಎಷ್ಟೋ ಜನರ ಶವಗಳೂ ಸಿಗಲಿಲ್ಲ. ಅಲ್ಲಿ ವಿಜ್ಞಾನ ತಪ್ಪಲಿಲ್ಲ. ಆದರೆ ಆ ಅಧ್ಯಯನಗಳಲ್ಲಿ ತಾರೀಕು ಇರಲಿಲ್ಲ, ತಾರೀಕು ಇಲ್ಲದ ಎಚ್ಚರಿಕೆ ಕಡತಕ್ಕೆ ಹೋಗುತ್ತದೆ. 2035ಕ್ಕೆ ತಾರೀಕಿತ್ತು, ಆಧಾರವಿರಲಿಲ್ಲ, ಲೋಕವೆಲ್ಲ ಸುತ್ತಿತು. ಲೊನಾಕ್‌ಗೆ ಆಧಾರವಿತ್ತು, ತಾರೀಕಿರಲಿಲ್ಲ. ಇದನ್ನು ಏನೆನ್ನಬೇಕೋ ನನಗೆ ತಿಳಿಯದು.

ಇನ್ನು ನಿಮ್ಮಲ್ಲಿ ನನ್ನ ಬೇಡಿಕೆ. 2010ರ ನಂತರ ನೀವು ತಪ್ಪು ತಿದ್ದುವ ವಿಧಿಯನ್ನು ರೂಪಿಸಿದ್ದೀರಿ, ಹೊರಗಿನವರಿಂದ ಪರಿಶೀಲನೆ ಮಾಡಿಸಿಕೊಂಡಿದ್ದೀರಿ, ಅದಕ್ಕೆ ಕೃತಜ್ಞತೆಗಳು. ಆದರೆ ತಿದ್ದುವುದು ಬೇರೆ, ಹಳೆಯ ಲೆಕ್ಕ ಒಪ್ಪಿಸುವುದು ಬೇರೆ. ಏಳನೆಯ ವರದಿಯ ಹಿಮನದಿಯ ಅಧ್ಯಾಯದಲ್ಲಿ ಒಂದು ಪುಟ ಮೀಸಲಿಡಿ. ಹಿಂದಿನ ವರದಿಗಳಲ್ಲಿ ಯಾವ ಪ್ರದೇಶಕ್ಕೆ ಎಷ್ಟು ನಷ್ಟ ಎಂದಿದ್ದಿರಿ, ಆದದ್ದು ಎಷ್ಟು, ಹೆಚ್ಚು ಹೇಳಿದ್ದು ಎಲ್ಲಿ, ಕಡಿಮೆ ಹೇಳಿದ್ದು ಎಲ್ಲಿ, ಯಾಕೆ. ಅದನ್ನು ಸಾರಾಂಶದಲ್ಲಿಯೇ ಹಾಕಿ, ಬಾಲಂಗೋಚಿಯಾಗಿ ಅಲ್ಲ. ಒಂದು ಹಿಮನದಿಯ ಸಾವಿನ ಇಸವಿಯನ್ನು ಕೊಡಲೇಬೇಡಿ. ಕೊಟ್ಟರೆ ಅದು ಫಲಕವಾಗುತ್ತದೆ. ಮೊಂಟಾನಾದವರು ಬದಲಿಸಿ ಹಾಕಿದ ಫಲಕದಲ್ಲಿ ಇಸವಿ ಇಲ್ಲ. ಹಿಮನದಿಗಳು ಪೂರ್ತಿ ಯಾವಾಗ ಇಲ್ಲವಾಗುತ್ತವೆ ಎಂಬುದು ನಾವು ಯಾವಾಗ, ಹೇಗೆ ನಡೆದುಕೊಳ್ಳುತ್ತೇವೆ ಎಂಬುದರ ಮೇಲೆ ನಿಂತಿದೆ ಎಂಬರ್ಥದ ಮಾತಿದೆ. ಬಿದ್ದುಹೋಗಿದ್ದ ‘ರೆ’ ಅಲ್ಲಿ ವಾಪಸು ಬಂದಿದೆ. ಮೊದಲೇ ಬರೆದಿದ್ದರೆ ಫಲಕ ಮಾಡಿಸುವ ಖರ್ಚು ಒಮ್ಮೆಗೇ ಮುಗಿಯುತ್ತಿತ್ತು.

ಒಂದು ವಿಷಯಕ್ಕಂತೂ ನಿಮಗೆ ಹೆಚ್ಚು ಸಮಯವಿಲ್ಲ. 2035 ಬರುತ್ತಿದೆ. ಆ ವರ್ಷದ ಕೊನೆಯ ದಿನ ಹಿಮಾಲಯದಲ್ಲಿ ಹಿಮನದಿಗಳು ಇರುತ್ತವೆ. ಈ ಒಂದು ಭವಿಷ್ಯವನ್ನು ‘ರೆ’ ಇಲ್ಲದೆಯೇ ನುಡಿಯುತ್ತೇನೆ. ಅಂದು ಯಾರೋ ಗಂಗೋತ್ರಿ ಹಿಮನದಿಯ ಮೂತಿಯಾದ ಗೌಮುಖದ ಎದುರು ನಿಂತು ಫೋಟೊ ತೆಗೆದು ‘ಎಲ್ಲಿ ಕರಗಿದೆ?’ ಎಂದು ಕೇಳುತ್ತಾರೆ. ಕೋಟಿ ಜನ ಅದನ್ನು ನೋಡುತ್ತಾರೆ. ಆ ಹೊತ್ತಿಗೆ ಉತ್ತರ ಬರೆಯಲು ಕೂತರೆ ತಡವಾಗುತ್ತದೆ. ನಿಮ್ಮ ವರದಿ ಅದಕ್ಕೂ ಮುಂಚೆಯೇ ಹೊರಬರುತ್ತದೆ. 2035ರಲ್ಲಿ ಹಿಮಾಲಯದಲ್ಲಿ ಎಷ್ಟು ಮಂಜುಗಡ್ಡೆ ಉಳಿದಿರುತ್ತದೆ ಎಂಬ ನಿಮ್ಮ ನಿಜವಾದ ಅಂದಾಜನ್ನು, ಕಡಿಮೆಯೆಂದರೆ ಎಷ್ಟು, ಹೆಚ್ಚೆಂದರೆ ಎಷ್ಟು ಎಂದು ಅದರಲ್ಲಿ ಬರೆದಿಡಿ. ಪಕ್ಕದಲ್ಲೇ ಪಿಂಡಾರಿಯ ಸಾಲನ್ನು ಸರಿಯಾಗಿ ಭಾಗಿಸಿ ಮತ್ತೊಮ್ಮೆ ಮುದ್ರಿಸಿ. ಆ ಪುಟವನ್ನು ಕನ್ನಡಕ್ಕೆ ತಂದು, ಕಾರ್ಡು ಬರೆದವರ ವಿಳಾಸಕ್ಕೆ ನಾನು ಕಳುಹಿಸುತ್ತೇನೆ. ಅವರು ಈಗ ಅಲ್ಲಿದ್ದಾರೋ ಇಲ್ಲವೋ, ಕಳುಹಿಸುವುದಂತೂ ಬಾಕಿ ಇದೆ.

ಇಂತಿ ನಮಸ್ಕಾರಗಳು,
ನಿಮ್ಮ ವರದಿಗಳ ಒಬ್ಬ ಅನುವಾದಕ